ಹಿತ್ತಲ ಮದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಕಕ್ಕಡ ತಿಂಗಳು ಹತ್ತಿರ ಬಂದಂತೆ ಮದ್ದುಸೊಪ್ಪು, ಹಾಲೆ ಕಷಾಯ, ಅಮೃತಬಳ್ಳಿ ಕುರಿತ ಪತ್ರಗಳೇ ಹೆಚ್ಚು ಬಂದಿವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಕಳೆದ ಸಲ ಮದ್ದುಸೊಪ್ಪಿನ ಪಾಯಸಕ್ಕೆ ಬಣ್ಣವೇ ಬರಲಿಲ್ಲ. ತೆಳು ಗುಲಾಬಿಯಾಗಿ ನಿಂತುಬಿಟ್ಟಿತು. ಅತ್ತೆಯವರು ಮಾಡುವಾಗ ನೇರಳೆ ಹಣ್ಣಿನ ಹಾಗೆ ಇರುತ್ತಿತ್ತು. ಎಲ್ಲಿ ತಪ್ಪಿತು? ಕಕ್ಕಡದ ಹದಿನೆಂಟನೆಯ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಇರುವುದು ನಿಜವೇ?
– ನಾಪೋಕ್ಲು ಕಡೆಯ ಗೃಹಿಣಿ

ಬಣ್ಣ ಕೈಕೊಡುವುದು ಸಾಮಾನ್ಯವಾಗಿ ಮೂರು ಕಡೆ. ಸೊಪ್ಪು ಬೇಗ ಕೊಯ್ದದ್ದು, ನೀರು ಜಾಸ್ತಿಯಾದದ್ದು, ಕುದಿಸಿ ತಕ್ಷಣ ಸೋಸಿದ್ದು.

ಮದ್ದ್ ತೊಪ್ಪ್, ಆಟಿ ಸೊಪ್ಪು ಎಂದು ಕರೆಯುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಆಡುಸೋಗೆಯ ದಾಯಾದಿ. ತೋಟದ ತೊರೆಬದಿ, ಬೇಲಿಯ ಬುಡ, ನೆರಳು ಮತ್ತು ತೇವ ಇದ್ದಲ್ಲಿ ತಾನಾಗಿ ಬೆಳೆಯುತ್ತದೆ. ಜೂನ್‌ನಲ್ಲಿ ಎಲೆ ತಿಕ್ಕಿ ಮೂಸಿದರೆ ವಿಶೇಷವೇನೂ ಅನಿಸುವುದಿಲ್ಲ. ಕಕ್ಕಡ ನಡುವಿಗೆ ಬರುವಾಗ ಅದೇ ಗಿಡದ ಪಕ್ಕದಲ್ಲಿ ಹಾದುಹೋದರೂ ಸಾಕು, ಘಮ ಮೂಗಿಗೆ ಬಡಿಯುತ್ತದೆ. ಕಕ್ಕಡ ಶುರುವಾಗುವುದು ಜುಲೈ 17ರ ಸುಮಾರಿಗೆ. ಹದಿನೆಂಟನೆಯ ದಿನ ಎಂದರೆ ಆಗಸ್ಟ್ 3. ಕೊಯ್ಯುವ ಹದಕ್ಕೆ ಕ್ಯಾಲೆಂಡರ್‌ಗಿಂತ ಮೂಗನ್ನು ನಂಬಿ.

ಎಳೆಯ ದಂಟು ಎಲೆ ಸೇರಿ ಕಾಲು ಕಿಲೋ ಸೊಪ್ಪಿಗೆ ಒಂದೂಕಾಲು ಲೀಟರ್ ನೀರು ಸಾಕು. ದಂಟನ್ನು ಬಿಸಾಡಬೇಡಿ, ಬೆರಳುದ್ದ ತುಂಡು ಮಾಡಿ ಸೊಪ್ಪಿನ ಜೊತೆಗೇ ಹಾಕಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಅರ್ಧ ಗಂಟೆ ಬೇಯಿಸಿ. ಮೊದಲ ಹತ್ತು ನಿಮಿಷ ನೀರು ಬರೀ ಹಸಿರು ಮಿಶ್ರಿತ ಕಂದಾಗಿಯೇ ಇರುತ್ತದೆ, ಗಾಬರಿ ಬೇಡ. ಬಣ್ಣ ಆಮೇಲೆ ಇಳಿಯುತ್ತದೆ. ಒಲೆ ಆರಿಸಿ ಮುಚ್ಚಿಟ್ಟು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸೋಸಿ. ನಿಮ್ಮ ಅತ್ತೆಯವರು ಹಿಂದಿನ ರಾತ್ರಿಯೇ ಬೇಯಿಸಿಡುತ್ತಿದ್ದಿರಬೇಕು. ಬೆಳಿಗ್ಗೆ ಕೊಯ್ದು ಹತ್ತು ಗಂಟೆಗೆ ಪಾಯಸ ಇಳಿಸುವ ಅವಸರದಲ್ಲಿ ಆ ಗಾಢತೆ ಸಿಗುವುದಿಲ್ಲ.

ಪಾಯಸಕ್ಕೆ ಒಂದು ಲೋಟ ಅಕ್ಕಿಯನ್ನು ನಾಲ್ಕೂವರೆ ಲೋಟ ರಸದಲ್ಲೇ ಬೇಯಿಸಿ. ಅಕ್ಕಿ ಪೂರ್ತಿ ಬೆಂದ ಮೇಲೆ ಬೆಲ್ಲ ಹಾಕಿ, ಮೊದಲೇ ಹಾಕಿದರೆ ಅಕ್ಕಿ ಗಟ್ಟಿಯಾಗಿಯೇ ಉಳಿಯುತ್ತದೆ. ಕಪ್ಪು ಬೆಲ್ಲ ಬಣ್ಣವನ್ನು ನುಂಗುತ್ತದೆ, ತಿಳಿ ಬೆಲ್ಲ ಇರಲಿ. ತೆಂಗಿನ ಹಾಲು ಕೊನೆಗೆ ಬೆರೆಸಿ, ಮತ್ತೆ ಕುದಿಸಿದರೆ ಒಡೆಯುತ್ತದೆ. ಮದ್ದ್ ಪುಟ್ಟ್ ಮಾಡುವವರು ಅಕ್ಕಿತರಿಯನ್ನು ಇದೇ ರಸದಲ್ಲಿ ಗಟ್ಟಿಯಾಗುವ ತನಕ ಕೆದಕಿ, ತಟ್ಟೆಗೆ ಸುರಿದು ಹಬೆಯಲ್ಲಿಟ್ಟು, ತುಂಡು ಮಾಡಿ ಜೇನು ತುಪ್ಪದ ಜೊತೆ ಬಡಿಸಬಹುದು.

ಇನ್ನು 18 ಔಷಧದ ಮಾತು. ಅದು ನಂಬಿಕೆ, ಮತ್ತು ಚೆಂದದ ನಂಬಿಕೆ. ಪ್ರಯೋಗಾಲಯದಲ್ಲಿ ಈ ಸೊಪ್ಪಿನ ಸಾರದಲ್ಲಿ ಫೀನಾಲ್ ಜಾತಿಯ ವಸ್ತುಗಳು, ಉತ್ಕರ್ಷಣ ತಡೆಯುವ ಗುಣ ಕಂಡಿವೆ. ಅಷ್ಟರಿಂದ ಮನುಷ್ಯರ ಇಂಥ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡಿ ಮೈ ಸೋತ ಕಾಲಕ್ಕೆ ವರ್ಷಕ್ಕೊಮ್ಮೆ ತಿನ್ನುವ ಬಿಸಿ ಅಡುಗೆ ಇದು. ಪುಡಿ ಮಾಡಿ ಡಬ್ಬದಲ್ಲಿಟ್ಟು ವರ್ಷವಿಡೀ ಸಕ್ಕರೆ ಕಾಯಿಲೆಗೆ ಕುಡಿಯಿರಿ ಎನ್ನುವವರಿಂದ ದೂರವಿರಿ.

ತಿಂದ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ, ಸಾಮಾನ್ಯವಾಗಿ ಮರುದಿನಕ್ಕೆ ತಿಳಿಯಾಗುತ್ತದೆ. ಎರಡು ದಿನ ಕಳೆದರೂ ಕೆಂಪಾಗಿಯೇ ಇದ್ದರೆ, ಅಥವಾ ಉರಿ ನೋವು ಇದ್ದರೆ, ಅದನ್ನು ಮದ್ದುಸೊಪ್ಪಿನ ತಲೆಗೆ ಕಟ್ಟದೆ ಪರೀಕ್ಷೆ ಮಾಡಿಸಿ. ಆ ವಾರ ಮೂತ್ರ ಪರೀಕ್ಷೆ ಇದ್ದರೆ ಲ್ಯಾಬಿನವರಿಗೆ ಮೊದಲೇ ಹೇಳುವುದು ಒಳ್ಳೆಯದು.

ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುತ್ತೇವೆ. ತೊಗಟೆ ತರುತ್ತಿದ್ದ ದೊಡ್ಡಪ್ಪ ಈಗಿಲ್ಲ. ಈ ವರ್ಷ ನಾನೇ ಹೋಗಬೇಕು. ಮರ ತಪ್ಪಿ ಕುಡಿದು ಸತ್ತವರಿದ್ದಾರೆ ಎಂದು ಮನೆಯಲ್ಲಿ ಹೆದರಿಕೆ.
– ಸಂಪಾಜೆಯ ಯುವಕ

ಹೆದರಿಕೆ ಸರಿಯಾದದ್ದೇ. ಸಂಪಾಜೆ, ಕರಿಕೆ, ಭಾಗಮಂಡಲ ಕಡೆಯ ಕಾಡಂಚಿನಲ್ಲಿ ಹಾಲೆಯೂ ವಿಷದ ಮರವಾದ ಕಾಸರಕವೂ ಬೆಳೆಯುತ್ತವೆ. ಬೆಳಕು ಹರಿಯುವ ಮೊದಲು, ಯಾರ ಜೊತೆಯೂ ಮಾತಾಡದೆ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಪದ್ಧತಿ. ಕತ್ತಲೆಯಲ್ಲಿ ಎಲೆ ಕಾಣುವುದಿಲ್ಲ, ಎಲ್ಲ ಮರದ ಬೊಡ್ಡೆಯೂ ಒಂದೇ. ಅನಾಹುತ ಆಗುವುದು ಇಲ್ಲಿಯೇ. ಅದಕ್ಕೇ ತಿಳಿದವರು ಹಿಂದಿನ ದಿನ ಹಗಲಲ್ಲಿ ಹೋಗಿ ಮರ ಗುರುತಿಸಿ ಹಗ್ಗವನ್ನೋ ಬಳ್ಳಿಯನ್ನೋ ಕಟ್ಟಿ ಬರುತ್ತಿದ್ದರು. ಪದ್ಧತಿಯ ಈ ಭಾಗ ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದರೆ ಏನು ಪ್ರಯೋಜನ?

ಹಗಲಲ್ಲಿ ನೋಡಬೇಕಾದ್ದು ಹೀಗೆ. ಹಾಲೆಗೆ ಸಪ್ತಪರ್ಣ ಎಂಬ ಹೆಸರು ಬಂದದ್ದೇ ಎಲೆಯಿಂದ. ಒಂದೇ ಗೆಣ್ಣಿನ ಸುತ್ತ ಐದರಿಂದ ಏಳು, ಕೆಲವೊಮ್ಮೆ ಎಂಟು ಎಲೆ ಚಕ್ರದಂತೆ ಕೂತಿರುತ್ತವೆ. ಎಲೆಯ ನಡುನರದಿಂದ ಎರಡೂ ಕಡೆಗೆ ಹತ್ತಾರು ಸಣ್ಣ ನರಗಳು ಒತ್ತೊತ್ತಾಗಿ, ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತವೆ. ಎಲೆ ಮುರಿದರೂ ತೊಗಟೆ ಗೀರಿದರೂ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡೇ, ಹೊಳೆಯುತ್ತವೆ, ಬುಡದಿಂದಲೇ ಮೂರೋ ಐದೋ ದಪ್ಪ ನರ ತುದಿಯ ಕಡೆ ಓಡುತ್ತವೆ. ಹಾಲು ಇಲ್ಲ. ಹಣ್ಣು ಕಿತ್ತಳೆ ಬಣ್ಣದ ಗುಂಡು, ಒಳಗೆ ನಾಣ್ಯದಂಥ ಚಪ್ಪಟೆ ಬೀಜ.

ಬರೀ ಹಾಲು ನೋಡಿ ತೃಪ್ತರಾಗಬೇಡಿ. ಹಾಲು ಬರುವ ವಿಷದ ಗಿಡಮರಗಳೂ ಇವೆ, ಕಣಗಿಲೆಯೂ ಹಾಲು ಸುರಿಸುತ್ತದೆ. ಎಲೆಯ ಚಕ್ರ, ಹಾಲು ಎರಡೂ ಹೊಂದಬೇಕು. ಹಾಲೆಯನ್ನು ಬಲ್ಲ ಇನ್ನೊಬ್ಬರು ನಿಮ್ಮ ಜೊತೆ ಮರದ ಬುಡದಲ್ಲಿ ನಿಂತು ಹೌದು ಎನ್ನಬೇಕು. ಮೊಬೈಲಿನಲ್ಲಿ ಫೋಟೊ ಕಳಿಸಿ ಕೇಳುವುದು ಇದಕ್ಕೆ ಸಾಲದು.

ತೊಗಟೆಯ ಜೊತೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಅರೆದು ರಸ ತೆಗೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕುತ್ತಾರೆ. ದೊಡ್ಡವರಿಗೂ ಒಂದೆರಡು ಗುಟುಕು, ಸುಮಾರು 30 ಮಿಲಿ ಸಾಕು. ಆಮೇಲೆ ಮೆಂತ್ಯದ ಗಂಜಿ. ಲೋಟ ತುಂಬಾ ಕುಡಿದು ಶೌರ್ಯ ತೋರಿಸುವವರಿಗೆ ವಾಂತಿ ಭೇದಿ ಖಾಯಂ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಲಿವರ್ ಕಿಡ್ನಿ ತೊಂದರೆ ಇದ್ದವರಿಗೆ ಬೇಡವೇ ಬೇಡ. ಮೊದಲು ಮನೆಯಲ್ಲಿ ಒಬ್ಬರೇ ಒಂದು ಗುಟುಕು ಕುಡಿದು ನೋಡುವುದು ಪರೀಕ್ಷೆಯಲ್ಲ, ಆ ಒಬ್ಬರ ಜೀವದ ಜೊತೆ ಆಟ.

ಕಾಸರಕದ ವಿಷ ಸ್ಟ್ರಿಕ್ನಿನ್. ಕುಡಿದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ದವಡೆ ಬಿಗಿಯುವುದು, ಕತ್ತು ಬೆನ್ನು ಸೆಟೆಯುವುದು ಶುರುವಾಗುತ್ತದೆ. ಸಣ್ಣ ಸದ್ದಿಗೂ ಮುಟ್ಟಿದ್ದಕ್ಕೂ ಮೈ ಅದುರಿ ಸೆಳೆತ ಬರುತ್ತದೆ. ಎಚ್ಚರ ಮಾತ್ರ ಇರುತ್ತದೆ. ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಸೆಳೆತ ಕೆರಳಿ ಉಸಿರು ಕಟ್ಟಬಹುದು. ಬೆಳಕು, ಸದ್ದು, ಕೈಹಾಕುವುದು ಕಡಿಮೆ ಮಾಡಿ 108ಕ್ಕೆ ಕರೆ ಮಾಡಿ. ಉಳಿದ ತೊಗಟೆಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.

ಕೊರೊನಾ ಕಾಲದಿಂದ ಅಮೃತಬಳ್ಳಿ ಕಷಾಯ ದಿನಾ ಕುಡಿಯುತ್ತಿದ್ದೇನೆ. ಇತ್ತೀಚೆಗೆ ಲಿವರ್‌ಗೆ ಕೆಟ್ಟದು ಎನ್ನುತ್ತಿದ್ದಾರೆ. ಬಿಡಬೇಕೇ?
– ಕುಶಾಲನಗರದ ನಿವೃತ್ತ ನೌಕರರು

ದಿನಾ ಕುಡಿಯುವುದನ್ನು ಬಿಡಿ. ಜ್ವರ ಬಂದಾಗ ಎರಡು ಮೂರು ದಿನ ಕೊಡುತ್ತಿದ್ದ ಬಳ್ಳಿಯನ್ನು ಕಾಫಿಯ ಜಾಗಕ್ಕೆ ತಂದಿದ್ದು 2020ರ ನಂತರದ ಅಭ್ಯಾಸ. ಆ ಬಳಿಕವೇ ತಿಂಗಳುಗಟ್ಟಲೆ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡಿದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಥೈರಾಯ್ಡ್‌ನಂಥ, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು ಎಂಬ ಅನುಮಾನ ಅವರದು. ಅಮೃತಬಳ್ಳಿಯನ್ನೇ ದೂರುವುದು ತಪ್ಪು, ಅದನ್ನೇ ಹೋಲುವ ಟಿನೋಸ್ಪೊರಾ ಕ್ರಿಸ್ಪಾ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಎರಡೂ ಮಾತಿನಿಂದ ನಿಮಗೆ ಸಿಗುವ ಪಾಠ ಒಂದೇ ದಿಕ್ಕಿನದು: ಬಳ್ಳಿ ಯಾವುದೆಂದು ಗೊತ್ತಿರಲಿ, ಕಾಲ ಕಡಿಮೆಯಿರಲಿ.

ಅಮೃತಬಳ್ಳಿಯ ಕಾಂಡವನ್ನು ಹೆಬ್ಬೆರಳಿನಿಂದ ಉಜ್ಜಿದರೆ ಕಾಗದದಂಥ ತೆಳು ಸಿಪ್ಪೆ ಸುಲಿದು ಒಳಗೆ ಹಸಿರು ಕಾಣುತ್ತದೆ. ಕತ್ತರಿಸಿದರೆ ಹಾಲಿಲ್ಲ. ಕ್ರಿಸ್ಪಾದ ಕಾಂಡ ಬೂದು, ಮೈತುಂಬಾ ನರುಳ್ಳೆಯಂಥ ಗಂಟು, ಕತ್ತರಿಸಿದಲ್ಲಿ ಹಾಲಿನಂಥ ರಸ. ಪೇಟೆಯ ಪುಡಿಯಲ್ಲಿ ಇದ್ಯಾವುದೂ ತಿಳಿಯುವುದಿಲ್ಲ.

ನಾಲ್ಕೈದು ವರ್ಷ ಕುಡಿದಿದ್ದೀರಿ, ಒಮ್ಮೆ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಕಣ್ಣು ಹಳದಿ, ಮೂತ್ರ ಕಡುಚಹಾದ ಬಣ್ಣ, ಊಟ ಸೇರದಿರುವುದು ಇದ್ದರೆ ಇವತ್ತೇ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು. ಮತ್ತೊಂದು ಮಾತು: ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿದವರಿಗೆ ಬರುವ ಜ್ವರ ಇಲಿಜ್ವರವೂ ಆಗಿರಬಹುದು, ಡೆಂಗಿಯೂ ಆಗಿರಬಹುದು. ಎರಡು ದಿನ ಜ್ವರ ಬಿಡದಿದ್ದರೆ ಕಷಾಯ ಬದಲಿಸುತ್ತ ಕೂರದೆ ರಕ್ತ ಕೊಡಿ.

ಏಳು ತಿಂಗಳ ಮಗುವಿಗೆ ಶೀತ. ದೊಡ್ಡಪತ್ರೆ ರಸವನ್ನು ಜೇನಿನಲ್ಲಿ ಕೊಡಬಹುದೇ? ಅಮ್ಮ ಬಜೆ ತೇಯ್ದು ನೆಕ್ಕಿಸು ಎನ್ನುತ್ತಾರೆ.
– ಸೋಮವಾರಪೇಟೆಯ ತಾಯಿ

ಎರಡೂ ಬೇಡ. ಒಂದು ವರ್ಷ ತುಂಬುವ ತನಕ ಜೇನು ಕೊಡಬಾರದು, ಕೊಡಗಿನ ಅಸಲಿ ಕಾಡುಜೇನಾದರೂ ಅಷ್ಟೇ. ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು, ಎಳೆಗರುಳು ಅವನ್ನು ತಡೆಯಲಾರದು. ಬಜೆಯಲ್ಲಿರುವ ಬೀಟಾ ಅಸರೋನ್ ಒಳ್ಳೆಯ ವಸ್ತುವಲ್ಲ, ವಾಂತಿಯನ್ನೂ ತರುತ್ತದೆ. ಅಮ್ಮನ ಮನಸ್ಸು ನೋಯಿಸದೆ ಬಜೆಯ ತುಂಡನ್ನು ಬಟ್ಟೆ ಪೆಟ್ಟಿಗೆಗೆ ಹಾಕಿಡಿ, ಹುಳ ಬರುವುದಿಲ್ಲ. ಈಗ ಎದೆಹಾಲು, ಮೂಗಿಗೆ ಸಲೈನ್ ಹನಿ, ಇಷ್ಟೇ. ವರ್ಷ ದಾಟಿದ ಮೇಲೆ ದೊಡ್ಡಪತ್ರೆಯ ಎರಡು ಎಲೆ ಕೆಂಡದ ಮೇಲೆ ಬಾಡಿಸಿ ಹಿಂಡಿದ ಅರ್ಧ ಚಮಚ ರಸ ಜೇನಿನ ಜೊತೆ ಕೊಡಬಹುದು.

ಮಗು ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಈ ವಯಸ್ಸಿನಲ್ಲಿ 50 ಅಥವಾ ಮೇಲಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋದರೆ, ಹಾಲು ಕುಡಿಯದಿದ್ದರೆ ಆಸ್ಪತ್ರೆಗೆ ಹೊರಡಿ.

ತೋಟದ ಲೈನ್‌ಮನೆಯ ಕಾರ್ಮಿಕರು ಹಾವು ಕಚ್ಚಿದರೆ ಈಶ್ವರಿ ಬೇರು ತೇಯ್ದು ಕುಡಿಸುತ್ತಾರೆ. ಬದುಕಿದವರೂ ಇದ್ದಾರೆ. ಬೇಡ ಎಂದರೆ ಕೇಳುವುದಿಲ್ಲ. ಏನು ಹೇಳಿ ಒಪ್ಪಿಸಲಿ?
– ಪೊಲಿಬೆಟ್ಟ ಸಮೀಪದ ಬೆಳೆಗಾರರು

ಬದುಕಿದವರ ಲೆಕ್ಕದಿಂದಲೇ ಶುರು ಮಾಡಿ. ನಮ್ಮಲ್ಲಿ ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಬರೀ ನೀರು ಕುಡಿಸಿದ್ದರೂ ಬದುಕುತ್ತಿದ್ದರು, ಹೆಸರು ಮಾತ್ರ ಬೇರಿಗೆ ಬಂತು.

ಈಶ್ವರಿ ಬಳ್ಳಿ ಅರಿಸ್ಟೊಲೋಕಿಯಾ ಕುಲದ್ದು. ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಚೀನೀ ಮೂಲಿಕೆಯ ಬದಲು ಇದೇ ಕುಲದ ಬೇರು ಸೇರಿಹೋಗಿ ಹಲವು ಹೆಂಗಸರ ಕಿಡ್ನಿ ನಿಂತುಹೋಯಿತು. ಕಿಡ್ನಿಗೆ ಪೆಟ್ಟು ಕೊಡುವ ಮಂಡಲದ ವಿಷ ಏರಿದವರಿಗೆ ಇದನ್ನು ಕುಡಿಸುವುದೆಂದರೆ ಗಾಯದ ಮೇಲೆ ಬರೆ. ಬಳ್ಳಿಯನ್ನು ಕೀಳಿಸಬೇಡಿ, ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಕುಲದ ಬಳ್ಳಿಗಳ ಮೇಲೆಯೇ.

ಕಚ್ಚಿದಾಗ ಮಾಡಬೇಕಾದ್ದು: ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ, ಊತ ಬಂದ ಮೇಲೆ ತೆಗೆಯಲಾಗುವುದಿಲ್ಲ. ಕೈಕಾಲಿಗೆ ಕೋಲು ಕಟ್ಟಿ ಅಲುಗದ ಹಾಗೆ ಮಾಡಿ. ಬಿಗಿದು ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಸಮಯ ಬರೆದಿಡಿ. ಜೀಪಿನಲ್ಲಿ ಮಲಗಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಫೋನ್ ಮಾಡಿಕೊಂಡೇ ಹೊರಡಿ. ಆ ಆಸ್ಪತ್ರೆಯ ನಂಬರ್ ಲೈನ್‌ಮನೆಯ ಗೋಡೆಯ ಮೇಲೆ ಬರೆಸುವ ಕೆಲಸ ನಿಮ್ಮದು.

ಆಸ್ಪತ್ರೆಯಲ್ಲಿ ವೈದ್ಯರು ಸುಮ್ಮನೆ ಕಾಯಿಸುತ್ತಾರೆ ಎಂದು ಸಿಟ್ಟಾಗಿ ರೋಗಿಯನ್ನು ವಾಪಸ್ ಕರೆತರುವವರಿದ್ದಾರೆ. ಹೊಸ ಗಾಜಿನ ಕೊಳವೆಯಲ್ಲಿ 2 ಮಿಲಿ ರಕ್ತವನ್ನು ಅಲುಗಿಸದೆ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಿರುತ್ತಾರೆ. ಕಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದೇ ಅರ್ಥ. ಮೊದಲ ಸಲ ಕಟ್ಟಿದರೂ ಮತ್ತೆ ಮತ್ತೆ ನೋಡಬೇಕಾಗುತ್ತದೆ. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಫಿ ಗಿಡದಲ್ಲಿ ಕೂತಿರುವ ಗುಳಿಮಂಡಲಕ್ಕೆ ಅದು ಹೊಂದುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು, ಊತ, ರಕ್ತಸ್ರಾವ, ಕಿಡ್ನಿ ಮೂರನ್ನೂ ನೋಡಿಕೊಳ್ಳಬೇಕು.

ಕಾಲೇಜಿನ ಪ್ರಾಜೆಕ್ಟ್‌ಗೆ ಕೊಡಗಿನ ಮನೆಮದ್ದು ಆರಿಸಿದ್ದೇನೆ. ಹಳೆಯ ಲಿಖಿತ ದಾಖಲೆ ಎಲ್ಲಿಂದ ಶುರು ಮಾಡಲಿ? ಗಿಡಗಳನ್ನು ಹೇಗೆ ದಾಖಲಿಸಲಿ?
– ಗೋಣಿಕೊಪ್ಪದ ವಿದ್ಯಾರ್ಥಿನಿ

ಕೊಡಗಿನ ಮದ್ದಿನ ತಿಳಿವಳಿಕೆ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು. ಆದರೆ ಘಟ್ಟದ ಕೆಳಗೆ, ಮಲಬಾರಿನಲ್ಲಿ ಒಂದು ದೊಡ್ಡ ದಾಖಲೆ ಇದೆ, ಅಲ್ಲಿನ ಎಷ್ಟೋ ಗಿಡ ನಮ್ಮವೂ ಹೌದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. 700ಕ್ಕೂ ಹೆಚ್ಚು ಗಿಡಗಳ ಚಿತ್ರ, ಉಪಯೋಗ ಅದರಲ್ಲಿವೆ. ತಿಳಿವಳಿಕೆ ಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ತಾವು ಹೇಳಿದ್ದು ನಿಜವೆಂದು ಅವರು 1675ರಲ್ಲಿ ಬರೆದುಕೊಟ್ಟ ಪತ್ರಗಳೂ ಮೊದಲ ಸಂಪುಟದಲ್ಲಿವೆ. ಲ್ಯಾಟಿನ್‌ನಲ್ಲಿದ್ದ ಇದನ್ನು ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ಇಂಗ್ಲಿಷಿಗೆ ತಂದರು, 2003ರಲ್ಲಿ ಪ್ರಕಟವಾಯಿತು. ಗಿಡದ ಹೆಸರು ಮಲಯಾಳದ್ದಾದ್ದರಿಂದ ಕೊಡವ ತಕ್ಕ್ (ಕೊಡವ ಭಾಷೆ) ಬಲ್ಲ ನಿಮಗೆ ಅರ್ಧ ಕೆಲಸ ಸುಲಭ.

ಮನೆಮದ್ದು ಆಸ್ಪತ್ರೆಗೆ ಹೋದ ದಾರಿಯನ್ನು ತೋರಿಸಲು ಸರ್ಪಗಂಧ ಒಳ್ಳೆಯ ಉದಾಹರಣೆ. 1952ರಲ್ಲಿ ಅದರ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿ ರಕ್ತದೊತ್ತಡದ ಮಾತ್ರೆ ಬಂತು. ಆಮೇಲೆ ಕಾಡಿನ ಬೇರಿಗೆ ಬೇಡಿಕೆ ಏರಿ ಗಿಡವೇ ಅಪರೂಪವಾಯಿತು.

ದಾಖಲಿಸುವಾಗ ಹೆಸರೊಂದನ್ನೇ ಬರೆದರೆ ಪ್ರಾಜೆಕ್ಟ್ ಕಸ. ನಾಪೋಕ್ಲಿನ ಹೆಸರಿಗೂ ಕುಟ್ಟದ ಹೆಸರಿಗೂ ಗಿಡ ಬೇರೆಯಾಗಿರಬಹುದು. ಹೂವೋ ಕಾಯೋ ಇರುವ ಒಂದು ಗೇಣುದ್ದ ಕೊಂಬೆ ಕೊಯ್ದು ಹಳೆ ಪತ್ರಿಕೆಯ ನಡುವೆ ಹರಡಿ, ಒಂದೆರಡು ಎಲೆ ಮಗುಚಿ ಬೆನ್ನು ಕಾಣುವಂತಿಡಿ, ಮೇಲೆ ಭಾರ ಹೇರಿ. ಬೇಸಿಗೆಯಲ್ಲಿ ಪತ್ರಿಕೆಯನ್ನು ಎರಡು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ನಮ್ಮ ಮಳೆಗಾಲದಲ್ಲಿ ಬೆಳಿಗ್ಗೆ ಸಂಜೆ ಬದಲಿಸಬೇಕು, ಇಲ್ಲವಾದರೆ ಮೂರನೇ ದಿನಕ್ಕೆ ಬೂಷ್ಟು. ಬದಲಿಸುವ ಪತ್ರಿಕೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟುಕೊಳ್ಳಿ. ಹೂವಿನ ಬಣ್ಣ ಒಣಗಿದರೆ ಹೋಗುತ್ತದೆ, ಕೊಯ್ದ ಕ್ಷಣವೇ ಬರೆಯಿರಿ. ಊರು, ದಿನಾಂಕ, ಗದ್ದೆಯೋ ತೋಟವೋ ದೇವರಕಾಡೋ, ಯಾವ ಭಾಗ, ಹಸಿಯೋ ಒಣಗಿಸಿದ್ದೋ, ಎಷ್ಟು, ಯಾರಿಗೆ ಕೊಡುವುದಿಲ್ಲ ಎಂಬುದೂ ಬೇಕು. 'ಒಂದು ಹಿಡಿ' ಎಂದರೆ ಆ ಅಜ್ಜಿಯ ಹಿಡಿಯನ್ನೇ ತಕ್ಕಡಿಗೆ ಹಾಕಿ ಗ್ರಾಂ ಬರೆಯಿರಿ. ಗುರುತು ಖಚಿತಪಡಿಸಲು ಪೊನ್ನಂಪೇಟೆಯ ಅರಣ್ಯ ಕಾಲೇಜಿನವರನ್ನು ಕೇಳಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು, ದೇವರಕಾಡಿನಲ್ಲಿ ಊರಿನ ಮುಖ್ಯಸ್ಥರಾದ ತಕ್ಕರನ್ನು ಕೇಳದೆ ಕಾಲಿಡಬಾರದು.

ಬೆಂಗಳೂರಿನ ತಂಗಿ ತೂಕ ಇಳಿಸಲು ಗಾರ್ಸಿನಿಯಾ ಕ್ಯಾಪ್ಸೂಲ್ ತಿನ್ನುತ್ತಾಳೆ. ಅದು ಅಡುಗೆಗೆ ಹಾಕುವ ನಮ್ಮ ಹುಳಿ ಕಚಂಪುಳಿಯೇ ಅಲ್ಲವೇ, ಇಲ್ಲಿಂದಲೇ ಕಳಿಸಲೇ?
– ವಿರಾಜಪೇಟೆಯ ಓದುಗರು

ಮರ ಒಂದೇ. ಆದರೆ ಕ್ಯಾಪ್ಸೂಲ್‌ನಲ್ಲಿರುವುದು ಸಿಪ್ಪೆಯಿಂದ ತೆಗೆದು ಗಾಢಗೊಳಿಸಿದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ತೂಕದ ಮೇಲೆ ಅದರ ಪರಿಣಾಮ ಅಲ್ಪ, ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಮಾತ್ರ ವರದಿಯಾಗಿವೆ. ನಿಲ್ಲಿಸಲು ಹೇಳಿ. ಕಚಂಪುಳಿ ಕಳಿಸಿ, ಆದರೆ ಪಂದಿ ಕರಿಗೆ. ಒಂದು ಕಿಲೋ ಮಾಂಸಕ್ಕೆ ಎರಡು ಮೂರು ಚಿಕ್ಕ ಚಮಚ, ಅದೂ ಮಾಂಸ ಬೆಂದ ಮೇಲೆ. ಗಾಜಿನ ಬಾಟಲಿಯಲ್ಲೇ ತುಂಬಿ, ತಗಡಿನ ಮುಚ್ಚಳ ಬೇಡ, ಹುಳಿಗೆ ಅದು ತೂತು ಬೀಳುತ್ತದೆ.